ಆಪರೇಷನ್ ಆಯ್ತು, ಅಪ್ಪ ಅಮ್ಮನ ಕತೆ ಕೇಳುವವರು ಯಾರು?

ಮಾನ್ಯ ಸಂಪಾದಕರೇ,

ಹುಟ್ಟುವ 1000 ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರ್ತದೆ, ನಮ್ಮ ಕಡೆ ಹಾರ್ಟಲ್ಲಿ ಹೋಲ್ ಅಂತಾರಲ್ಲ ಅದೂ ಇದ್ರಲ್ಲೇ ಬರ್ತದೆ. ಮಗು ಹೇಗುಂಟು ಅಂತ ಎಲ್ಲರೂ ಕೇಳ್ತಾರೆ, ಅಪ್ಪ ಅಮ್ಮ ಹೇಗಿದ್ದಾರೆ ಅಂತ ಒಬ್ಬರೂ ಕೇಳುದಿಲ್ಲ.

ನನ್ನ ತಂಗಿ ಮಗಳಿಗೆ ವಿಎಸ್‌ಡಿ ಇತ್ತು, ಅಂದ್ರೆ ಹಾರ್ಟಿನ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹೋಲ್. ಹಾಲು ಕುಡಿಯುವಾಗ ಹಣೆ ಪೂರ್ತಿ ಬೆವರು, ಸ್ವಲ್ಪ ಕುಡಿದ ಕೂಡ್ಲೇ ಸುಸ್ತಾಗಿ ನಿದ್ದೆ, ತೂಕ ಏರುದೇ ಇಲ್ಲ. ಸ್ವಲ್ಪ ತೂಕ ಬರ್ಲಿ ಆಪರೇಷನ್ ಮಾಡುವ ಅಂತ ಡಾಕ್ಟ್ರು ಹೇಳಿದ ಮೇಲೆ ತಂಗಿಗೆ ಬೇರೆ ಪ್ರಪಂಚವೇ ಇಲ್ಲ, ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುದು, ಎಷ್ಟು ಎಂಎಲ್ ಹೋಯ್ತು ಅಂತ ಹಳೇ ಡೈರಿಯಲ್ಲಿ ಬರೆಯುದು, ರಾತ್ರಿ ಎದ್ದೆದ್ದು ಮಗುವಿನ ಎದೆ ಮೇಲೆ ಕೈ ಇಟ್ಟು ಉಸಿರು ನೋಡುದು. ಅವಳ ಗಂಡ ಮಲ್ಪೆಯಿಂದ ಆಳಸಮುದ್ರ ಬೋಟಿಗೆ ಹೋಗ್ತಿದ್ದವರು, ಕಡಲಲ್ಲಿ ಫೋನ್ ಸಿಗುದಿಲ್ಲ, ಮಗುವಿಗೆ ಏನಾದ್ರೂ ಆದ್ರೆ ಅಂತ ಬೋಟು ಬಿಟ್ಟು ಈಗ ಬಂದರಿನ ದಕ್ಕೆಯಲ್ಲಿ ಕೂಲಿ.

ಇದ್ರ ಮೇಲೆ ಜನರ ಬಾಯಿ. ಬಸುರಿ ಇರುವಾಗ ಗ್ರಹಣ ನೋಡಿದ್ದಾ, ದೈವದ ಹರಕೆ ಬಾಕಿ ಉಂಟಾ ಅಂತ ತಂಗಿಯ ಮುಖಕ್ಕೇ ಕೇಳಿದವರಿದ್ದಾರೆ. ಮಗುವಿನ ಹಾರ್ಟ್ ರೂಪ ಆಗುದು ಮೊದಲ 8 ವಾರದೊಳಗೆ, ಎಷ್ಟೋ ಹೆಂಗಸರಿಗೆ ಆಗ ಬಸುರಿ ಅಂತಲೇ ಗೊತ್ತಿರುದಿಲ್ಲ, ಹೆಚ್ಚಿನ ಮಕ್ಕಳಲ್ಲಿ ಇದೇ ಕಾರಣ ಅಂತ ಡಾಕ್ಟ್ರಿಗೂ ಹೇಳ್ಲಿಕ್ಕಾಗುದಿಲ್ಲ. ದಯವಿಟ್ಟು ಹೀಗೆಲ್ಲ ಕೇಳ್ಬೇಡಿ.

ಸರ್ಕಾರ ಏನೂ ಮಾಡ್ಲಿಲ್ಲ ಅಂತ ನಾನು ಹೇಳುದಿಲ್ಲ. 2013ರಿಂದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಟೀಮ್ ಅಂಗನವಾಡಿ, ಶಾಲೆಗೆ ಬಂದು ಮಕ್ಕಳನ್ನು ಚೆಕ್ ಮಾಡ್ತದೆ, 2018ರ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಇದ್ರಿಂದ ಜೀವ ಉಳಿದದ್ದು ಸುಳ್ಳಲ್ಲ. ಆದ್ರೆ ಬಿಟ್ಟ ಕೆಲಸದ ಸಂಬಳ, ಗಾಡಿ ಬಾಡಿಗೆ, ಅಜ್ಜಿ ಮನೆಯಲ್ಲಿ ಬಿಟ್ಟುಹೋದ ದೊಡ್ಡ ಮಗು, ಇದ್ಯಾವುದೂ ಕಾರ್ಡಿನ ಲೆಕ್ಕಕ್ಕೆ ಬರುದಿಲ್ಲ. ಆಪರೇಷನ್ ಆದ್ರೆ ಮುಗೀತು ಅಂತಲೂ ಅಲ್ಲ, ಎಕೋ ಅಂದ್ರೆ ಹಾರ್ಟಿನ ಸ್ಕ್ಯಾನ್ ಮಾಡಿಸ್ತಾ ಇರ್ಬೇಕು, ಹಲ್ಲು ಹುಳುಕಾಗದ ಹಾಗೆ ನೋಡ್ಬೇಕು ಯಾಕಂದ್ರೆ ಬಾಯಿಯ ಇನ್ಫೆಕ್ಷನ್ ಹಾರ್ಟಿಗೆ ಹೋಗ್ಬಹುದು, ಕೆಲವು ಮಕ್ಕಳಿಗೆ ದೊಡ್ಡವರಾದ ಮೇಲೆ ಇನ್ನೊಂದು ಸರ್ಜರಿಯೂ ಬೇಕಾಗ್ತದೆ. ಸಣ್ಣ ಜ್ವರ ಬಂದ್ರೂ ತಂಗಿಯ ಕೈಕಾಲು ಈಗಲೂ ನಡುಗ್ತದೆ.

ಮಂಗಳೂರಿನ ವೆನ್ಲಾಕ್‌ನಲ್ಲಿ, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವಾದ್ರೂ ಈ ಅಪ್ಪ ಅಮ್ಮಂದಿರ ಹತ್ರ ಕೌನ್ಸೆಲರ್ ಕೂತು ಮಾತಾಡ್ಲಿ, ಆಪರೇಷನ್ ಆಗಿ ಶಾಲೆಗೆ ಹೋಗ್ತಿರುವ ಮಕ್ಕಳ ಮನೆಯವರನ್ನೂ ಕರೀಲಿ, ಹೊಸಬರಿಗೆ ಅದಕ್ಕಿಂತ ದೊಡ್ಡ ಧೈರ್ಯ ಇಲ್ಲ. ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸರ್ಕಾರಿ ಸಹಾಯವಾಣಿ 14416 ಟೆಲಿ ಮಾನಸ್‌ಗೆ ಫೋನ್ ಮಾಡಿ ಕನ್ನಡದಲ್ಲೇ ಫ್ರೀಯಾಗಿ ಮಾತಾಡ್ಬಹುದು, ಆ ನಂಬರನ್ನು ಮಕ್ಕಳ ವಾರ್ಡಿನ ಗೋಡೆಗೆ ದೊಡ್ಡದಾಗಿ ಅಂಟಿಸ್ಲಿ. ಆಶಾ ಕಾರ್ಯಕರ್ತೆಯರು ಮಗುವಿನ ತೂಕ ನೋಡ್ಲಿಕ್ಕೆ ಬಂದಾಗ ಅಮ್ಮ ಊಟ ಮಾಡಿದ್ಲಾ, ನಿದ್ದೆ ಬರ್ತದಾ ಅಂತಲೂ ಕೇಳಿ ಬರ್ಕೊಳ್ಳುವ ಹಾಗೆ ಇಲಾಖೆಯವರು ಹೇಳ್ಬೇಕು.

– ಓರ್ವ ಓದುಗಿ, ಬ್ರಹ್ಮಾವರ