ವಿಭಕ್ತಿ ಬೇರೆ, ಕಾರಕ ಬೇರೆ

ಸಂಪಾದಕರಿಗೆ,

ಮಾನ್ಯರೇ,

ಪ್ರೌಢಶಾಲೆಯ ಕನ್ನಡ ವ್ಯಾಕರಣ ಪಾಠಗಳಲ್ಲಿ ವಿಭಕ್ತಿಯ ಹೆಸರು, ಪ್ರತ್ಯಯ ಮತ್ತು ಕಾರಕಾರ್ಥಗಳನ್ನು ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಇಟ್ಟು ಕಲಿಸುವ ರೂಢಿ ಬಹುಕಾಲದಿಂದ ಇದೆ. ಪ್ರಥಮಾ ಎಂದರೆ ಕರ್ತೃ, ದ್ವಿತೀಯಾ ಎಂದರೆ ಕರ್ಮ, ತೃತೀಯಾ ಎಂದರೆ ಕರಣ (ಸಾಧನ) ಎಂದು ಬಾಯಿಪಾಠ ಮಾಡಿದ ಮಕ್ಕಳಲ್ಲಿ ಇವೆರಡೂ ಒಂದೇ ವಿಷಯದ ಎರಡು ಹೆಸರುಗಳೆಂಬ ಭಾವನೆ ಗಟ್ಟಿಯಾಗಿ ಉಳಿದುಬಿಡುತ್ತದೆ.

ವಿಭಕ್ತಿ ಎಂಬುದು ನಾಮಪ್ರಕೃತಿಗೆ (ನಾಮಪದದ ಮೂಲರೂಪಕ್ಕೆ) ಹತ್ತುವ ಪ್ರತ್ಯಯಕ್ಕೆ, ಅಂದರೆ ಪದದ ರೂಪಕ್ಕೆ ಸೇರಿದ್ದು. ಕಾರಕವಾದರೋ ಆ ನಾಮಪದಕ್ಕೂ ಕ್ರಿಯೆಗೂ ಇರುವ ಸಂಬಂಧ. 'ರಾಮನು ರಾವಣನನ್ನು ಕೊಂದನು', 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂಬ ಎರಡು ವಾಕ್ಯಗಳಲ್ಲಿಯೂ ಕೊಂದವನು ರಾಮನೇ ಆದ್ದರಿಂದ ಕರ್ತೃ ಬದಲಾಗಿಲ್ಲ, ಪ್ರಥಮೆಯಿದ್ದಲ್ಲಿ ತೃತೀಯೆ ಬಂದಿದೆ ಅಷ್ಟೆ. 'ಹಣ್ಣು ತಿಂದನು' ಎನ್ನುವಾಗ 'ಅನ್ನು' ಪ್ರತ್ಯಯವೇ ಇಲ್ಲ, ಆದರೂ ಹಣ್ಣು ಕರ್ಮವೇ. 'ನನಗೆ ಹಸಿವಾಗಿದೆ' ಎಂಬಲ್ಲಿ ಚತುರ್ಥಿ ಇದೆ, ಕೊಡುವ ಮಾತೇ ಇಲ್ಲದಿರುವುದರಿಂದ ಅದನ್ನು ಸಂಪ್ರದಾನ (ಕೊಟ್ಟದ್ದನ್ನು ಪಡೆಯುವವರು) ಎನ್ನಲಾಗದು. ಪಾಣಿನಿಯ ಸಂಸ್ಕೃತ ವ್ಯಾಕರಣದಲ್ಲಿಯೇ ವಿಭಕ್ತಿಗಳು ಏಳು, ಕಾರಕಗಳು ಆರು. ಎರಡು ನಾಮಪದಗಳ ನಡುವಿನ ಸಂಬಂಧವನ್ನು ಹೇಳುವ ಷಷ್ಠಿಗೆ ಹೊಂದುವ ಕಾರಕವೊಂದು ಅಲ್ಲಿಲ್ಲ.

ಈ ಗೊಂದಲದ ಫಲ ಎದ್ದು ಕಾಣುವುದು ಪಂಚಮಿಯಲ್ಲಿ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಹಳಗನ್ನಡದ ಪಂಚಮಿಗೆ 'ಅತ್ತಣಿಂ' ಎಂಬುದನ್ನು ಹೇಳಿದ. ಅದರ ಜಾಗದಲ್ಲಿ ಹೊಸಗನ್ನಡಕ್ಕೆ 'ದೆಸೆಯಿಂದ' ಎಂದು ಕಲಿಸಲಾಗುತ್ತಿದೆ. 'ಮರದ ದೆಸೆಯಿಂದ ಹಣ್ಣು ಬಿತ್ತು' ಎಂದು ಯಾವ ಊರಿನ ಕನ್ನಡಿಗರು ಹೇಳುತ್ತಾರೆ? ಆಡುಮಾತಿನಲ್ಲಿ 'ನಿನ್ನ ದೆಸೆಯಿಂದ ಕೆಲಸ ಕೆಟ್ಟಿತು' ಎನ್ನುವಂತೆ ಆ ಪದ ಕಾರಣವನ್ನೇ ಸೂಚಿಸುತ್ತದೆ. ಬಿಡಿಸಿ ನೋಡಿದರೆ ಅದು 'ದೆಸೆ' ಎಂಬ ನಾಮಪದಕ್ಕೆ 'ಇಂದ' ಸೇರಿ ಆದ ರೂಪ, ಬೇರೊಂದು ವಿಭಕ್ತಿ ಪ್ರತ್ಯಯವಲ್ಲ. ಹೀಗಿದ್ದೂ ಸಹಜವಾದ 'ಮರದಿಂದ ಹಣ್ಣು ಬಿತ್ತು' ಎಂಬ ಪ್ರಯೋಗವನ್ನು 'ವಿಭಕ್ತಿ ಪಲ್ಲಟ'ಕ್ಕೆ, ಅಂದರೆ ಒಂದು ವಿಭಕ್ತಿ ಬರಬೇಕಾದಲ್ಲಿ ಇನ್ನೊಂದು ಬರುವುದಕ್ಕೆ, ಉದಾಹರಣೆಯಾಗಿ ಕೊಡುವುದು ನನಗೆ ನಿಜಕ್ಕೂ ನೋವಿನ ಸಂಗತಿ, ಏಕೆಂದರೆ ಮಗು ಮನೆಯಲ್ಲಿ ಸರಿಯಾಗಿಯೇ ಕಲಿತು ಬಂದ ಮಾತು ಶಾಲೆಯಲ್ಲಿ ಸ್ಥಾನ ತಪ್ಪಿದ ರೂಪವೆನಿಸಿಕೊಳ್ಳುತ್ತದೆ. ರೂಪವನ್ನೂ ಸಂಬಂಧವನ್ನೂ ಬೇರೆ ಮಾಡಿ ನೋಡಿದರೆ ಇಲ್ಲಿ ಪಲ್ಲಟವೇ ಇಲ್ಲ: 'ಕೊಡಲಿಯಿಂದ ಕಡಿದನು' ಎಂಬಲ್ಲಿ 'ಇಂದ' ಕರಣವನ್ನು ಹೇಳುತ್ತದೆ, 'ಮರದಿಂದ ಬಿತ್ತು' ಎಂಬಲ್ಲಿ ಅದೇ 'ಇಂದ' ಅಪಾದಾನವನ್ನು (ಅಗಲಿಕೆಯನ್ನು) ಹೇಳುತ್ತದೆ.

ಪಟ್ಟಿಯನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಪಠ್ಯಪುಸ್ತಕ ಸಿದ್ಧಪಡಿಸುವವರು ವಿಭಕ್ತಿಗೊಂದು, ಕಾರಕಕ್ಕೊಂದು ಪಾಠವನ್ನು ಪ್ರತ್ಯೇಕವಾಗಿ ಇಡಲಿ. ಪ್ರಶ್ನೆಪತ್ರಿಕೆಯಲ್ಲಿ ಬಿಡಿಪದದ ಬದಲು ಪೂರ್ಣ ವಾಕ್ಯವನ್ನು ಕೊಟ್ಟು, ಗೆರೆ ಎಳೆದ ಪದದ ವಿಭಕ್ತಿ ಯಾವುದು, ಕ್ರಿಯೆಯೊಡನೆ ಅದರ ಸಂಬಂಧವೇನು ಎಂದು ಎರಡು ಪ್ರಶ್ನೆಗಳನ್ನು ಕೇಳಲಿ ಎಂಬುದು ನನ್ನ ವಿನಂತಿ.

– ನಿವೃತ್ತ ಕನ್ನಡ ಅಧ್ಯಾಪಕ, ಸಾಗರ