ಒಂದನೇ ತರಗತಿಗೆ ಸೇರುವಾಗ ತಾಯಿ ಕಾರ್ಡ್ ನೋಡಿ

ಮಾನ್ಯರೇ,

ನಾಯಿಕೆಮ್ಮು ಬಾರದಂತೆ 5–6 ವರ್ಷಕ್ಕೆ ಹಾಕಿಸಬೇಕಾದ ಡಿಪಿಟಿ ಲಸಿಕೆಯ ಬೂಸ್ಟರ್ ಡೋಸ್ ಅನ್ನು ಎಷ್ಟೋ ಮನೆಗಳಲ್ಲಿ ಮರೆತೇಬಿಡುತ್ತಾರೆ. 6, 10, 14ನೇ ವಾರದ ಪೆಂಟಾವೇಲೆಂಟ್ (ನಾಯಿಕೆಮ್ಮೂ ಸೇರಿ ಐದು ರೋಗಗಳ ಲಸಿಕೆ), ಒಂದೂವರೆ ವರ್ಷದ ಬೂಸ್ಟರ್ ತನಕ ತಾಯಿ ಕಾರ್ಡ್ ಕೈಯಲ್ಲೇ ಇರುತ್ತದೆ. ಆಮೇಲೆ ಅದು ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿಕೊಳ್ಳುತ್ತದೆ.

ಲಸಿಕೆಯ ಬಲ ವರ್ಷ ಕಳೆದಂತೆ ಕುಗ್ಗುತ್ತದೆ. ಶಾಲೆಯಲ್ಲಿ ಅಂಟಿದ ಕೆಮ್ಮು ನೇರವಾಗಿ ತೊಟ್ಟಿಲಿಗೆ ಬರುತ್ತದೆ. ಆರು ವಾರ ತುಂಬದ ಕೂಸಿಗೆ ಇನ್ನೂ ಮೊದಲ ಡೋಸೇ ಆಗಿರುವುದಿಲ್ಲ, ಅಲ್ವಾ? ದೊಡ್ಡ ಮಗು ಕೆಮ್ಮಿ ಕೆಮ್ಮಿ, ಕೊನೆಗೆ ಉಸಿರನ್ನು ಜೋರಾಗಿ ಎಳೆದುಕೊಳ್ಳುತ್ತದೆ. ಎಳೆಗೂಸಿಗೆ ಕೆಲವೊಮ್ಮೆ ಕೆಮ್ಮೂ ಬರುವುದಿಲ್ಲ. ಸುಮ್ನೆ ಉಸಿರು ನಿಂತು ತುಟಿ ನೀಲಿಯಾಗುತ್ತದೆ. ಅದನ್ನು ಯಾವ ತಾಯಿಯೂ ನೋಡುವಂತಾಗಬಾರದು.

ಒಂದನೇ ತರಗತಿಗೆ ದಾಖಲು ಮಾಡಿಕೊಳ್ಳುವಾಗಲೇ ಶಿಕ್ಷಕರು ತಾಯಿ ಕಾರ್ಡ್ ನೋಡಲಿ. ಬೂಸ್ಟರ್ ಬಾಕಿಯಿದ್ದ ಮಕ್ಕಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಗೆ ಕೊಡಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಲಸಿಕೆ ಉಚಿತ. ಹುಟ್ಟುವ ಕೂಸನ್ನೂ ನಾಯಿಕೆಮ್ಮಿನಿಂದ ಕಾಪಾಡುವ ಟಿಡ್ಯಾಪ್ ಲಸಿಕೆಯ ಬಗ್ಗೆ ಗರ್ಭಿಣಿಯರೂ ವೈದ್ಯರನ್ನು ಒಮ್ಮೆ ಕೇಳಲಿ.

– ಒಬ್ಬ ಪೋಷಕಿ, ಹಾಸನ