ಕಿತ್ತೂರಿನ ನೋಡ್ ಕಳಚಿ ಎರಡು ತಿಂಗಳಾಯಿತು, ನಿಮ್ಮ ಬಿಲ್ಲಿನಲ್ಲಿ ಅದಿನ್ನೂ ಬದುಕಿದೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಬೆಂಬಲ ವಿಭಾಗ
(ಎನ್‌ಎಂಎಸ್, ಅಂದರೆ ಜಾಲ ನಿರ್ವಹಣಾ ತಂತ್ರಾಂಶ, ಮತ್ತು ವಾರ್ಷಿಕ ನಿರ್ವಹಣೆ)

ವಿಷಯ: ಎನ್‌ಎಂಎಸ್‌ನಿಂದ ಉಪಕರಣ ತೆಗೆಯುವಾಗ ನಿಮ್ಮದೇ ಕೈಪಿಡಿಯ ಕ್ರಮ ಮುರಿದದ್ದು, ಅದರಿಂದಾದ ತೊಂದರೆ, ಮತ್ತು ತಪ್ಪು ಲೈಸೆನ್ಸ್ ಬಿಲ್ಲು

ಮಾನ್ಯರೇ,

ಇದೇ ವಿಷಯಕ್ಕೆ ಆರು ಸಲ ಫೋನ್ ಮಾಡಿದ್ದೇವೆ, ನಾಲ್ಕು ಮೇಲ್ ಕಳಿಸಿದ್ದೇವೆ, ಮೂರು ಟಿಕೆಟ್ ತೆರೆದಿದ್ದೇವೆ. ಮೂರನ್ನೂ ನೀವು ‘ಪರಿಹರಿಸಲಾಗಿದೆ’ ಎಂದು ಮುಚ್ಚಿದ್ದೀರಿ. ನಿನ್ನೆ ಬಂದ ನವೀಕರಣದ ಬಿಲ್ಲಿನಲ್ಲಿ 16 ನೋಡ್‌ಗಳ (ಜಾಲದ ಒಂದೊಂದು ಊರಿನ ಉಪಕರಣ) ಲೈಸೆನ್ಸ್ ಶುಲ್ಕ ಹಾಕಿದ್ದೀರಿ. ಕಳಚುವ ಮೊದಲು ನಮ್ಮಲ್ಲಿದ್ದದ್ದು 15. ಕಿತ್ತೂರಿನದೂ ಅದರ ಕೆಳಗಿನ ಎರಡು ಸಣ್ಣ ನೋಡ್‌ಗಳೂ ಹೋದ ಮೇಲೆ ಉಳಿದದ್ದು 12. ಮೂರು ತೆಗೆದರೆ ಒಂದು ಹೆಚ್ಚಾಗುವುದು ಹೇಗೆ ಎಂದು ಕೇಳಿದ್ದಕ್ಕೆ ಈವರೆಗೆ ಉತ್ತರವಿಲ್ಲ. ಉತ್ತರ ನಮಗೆ ಗೊತ್ತಿದೆ. ಅದನ್ನು ಕೆಳಗೆ ಬರೆದಿದ್ದೇವೆ.

ಕೆಲಸ ಏನಿತ್ತು ಎಂಬುದು ನಿಮ್ಮ ದಾಖಲೆಯಲ್ಲೇ ಇದೆ. ಧಾರವಾಡ, ಕಿತ್ತೂರು, ಬೆಳಗಾವಿ, ಬೈಲಹೊಂಗಲ, ಸವದತ್ತಿ ಸೇರಿದ ಎಸ್‌ಟಿಎಂ-16 ವೇಗದ ಫೈಬರ್ ರಿಂಗ್‌ನಿಂದ (ಉಂಗುರದಂತೆ ಸುತ್ತಿ ಬರುವ ಜಾಲ) ಕಿತ್ತೂರನ್ನು ತೆಗೆದು, ಅಲ್ಲಿಯ ಫೈಬರ್ ಅನ್ನು ಓಡಿಎಫ್‌ನಲ್ಲಿ (ಫೈಬರ್ ತುದಿಗಳನ್ನು ಜೋಡಿಸುವ ಚೌಕಟ್ಟು) ನೇರ ಪ್ಯಾಚ್ ಮಾಡಿ, ಧಾರವಾಡ–ಬೆಳಗಾವಿಯನ್ನು ಒಂದೇ ಸ್ಪ್ಯಾನ್ (ನಡುವೆ ನೋಡ್ ಇಲ್ಲದ ಫೈಬರ್ ದಾರಿ) ಮಾಡುವುದು. ಫೀಲ್ಡ್ ಕೆಲಸ ನಮ್ಮದು, ಅದರಲ್ಲಿ ಲೋಪವಾಗಿಲ್ಲ. ಸ್ಪ್ಯಾನ್ ಸುಮಾರು 80 ಕಿ.ಮೀ. ಆಗುವುದರಿಂದ ಕಡಿಮೆ ದೂರದ ಎಸ್‌-16.1 ಬೆಳಕಿನ ಮಾಡ್ಯೂಲ್‌ಗಳನ್ನು ಎರಡೂ ತುದಿಯಲ್ಲಿ ತೆಗೆದು ಹೆಚ್ಚು ದೂರದ ಎಲ್‌-16.2 ಹಾಕಿದೆವು. ಮೊದಲಿನದು ತಾಳುವುದು ದಾರಿಯಲ್ಲಿ 12 ಡಿಬಿ (ಡೆಸಿಬೆಲ್) ಬೆಳಕಿನ ನಷ್ಟ ಮಾತ್ರ, ಎರಡನೆಯದು 24ರ ತನಕ. ಬರುವ ಬೆಳಕನ್ನು ಮೀಟರಿನಲ್ಲಿ ಅಳೆದು, −28 ಡಿಬಿಎಂ ಮಿತಿಗಿಂತ ಸಾಕಷ್ಟು ಮೇಲಿದೆ ಎಂದು ಖಾತ್ರಿಯಾದ ಮೇಲೆಯೇ ಲೈನ್ ಕೊಟ್ಟೆವು. ಎನ್‌ಎಂಎಸ್ ಕಡೆಯ ಕೆಲಸ ವಾರ್ಷಿಕ ನಿರ್ವಹಣೆಯ (ಎಎಂಸಿ) ಒಪ್ಪಂದದಂತೆ ನಿಮ್ಮದು. ಅದನ್ನು ನಿಮ್ಮ ಎಂಜಿನಿಯರ್ ಬೆಂಗಳೂರಿನಿಂದ ರಿಮೋಟ್‌ನಲ್ಲಿ ಮಾಡಿದರು.

ಉಪಕರಣ ತೆಗೆಯುವ ಕ್ರಮ ನಿಮ್ಮ ಕೈಪಿಡಿಯಲ್ಲಿ ಸ್ಪಷ್ಟವಾಗಿದೆ. ಬಂದ ದಾರಿಯಲ್ಲೇ ಹಿಂದೆ ಹೋಗಬೇಕು. ಡೇಟಾಬೇಸ್ ಮತ್ತು ನೋಡ್ ಕಾನ್ಫಿಗರೇಶನ್ ಎರಡರ ಬ್ಯಾಕಪ್ ಮೊದಲು. ಆಮೇಲೆ ಸರ್ಕ್ಯೂಟ್‌ಗಳು (ಗ್ರಾಹಕರ ಲೈನ್‌ಗಳು), ಆಮೇಲೆ ರಕ್ಷಣೆಯ ಗುಂಪು (ಫೈಬರ್ ಕಡಿದರೆ ಬದಲಿ ದಾರಿ), ಕ್ಲಾಕ್ ಆದ್ಯತೆ, ಗೇಟ್‌ವೇ (ಸರ್ವರ್ ಜಾಲದೊಳಗೆ ಹೋಗುವ ನೋಡ್) ಬದಲಾವಣೆ, ಫೈಬರ್ ಲಿಂಕ್, ಕಾರ್ಡ್‌ಗಳು, ಕೊನೆಗೆ ನೋಡ್. ನೋಡ್ ಹೋದ ಮೇಲೆ ಲೈಸೆನ್ಸ್ ಬಿಡುಗಡೆ, ಅದಾದ ಮೇಲೆ ಪವರ್ ತೆಗೆಯುವುದು. ಇದನ್ನೆಲ್ಲ ಪೆಟ್ಟಿಗೆ ಉಸಿರಾಡುತ್ತಿರುವಾಗಲೇ ಮಾಡಬೇಕು. ಪವರ್ ಹೋದ ನೋಡ್‌ಗೆ ಯಾವ ಆಜ್ಞೆಯೂ ತಲುಪುವುದಿಲ್ಲ. ಆಗ ಉಳಿಯುವುದು ಫೋರ್ಸ್ ಡಿಲೀಟ್ (ಎನ್‌ಎಂಎಸ್‌ನಿಂದ ಬಲವಂತವಾಗಿ ಅಳಿಸುವುದು) ಒಂದೇ.

ಕಿತ್ತೂರಿನ ನೋಡ್ ಆ ರಾತ್ರಿ ಪೂರ್ತಿ ಚಾಲೂ ಇತ್ತು. ಆದರೂ ನಿಮ್ಮ ಎಂಜಿನಿಯರ್ ಟೋಪಾಲಜಿ ನಕ್ಷೆಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ನೇರ ಫೋರ್ಸ್ ಡಿಲೀಟ್ ಕೊಟ್ಟರು. ಸರ್ಕ್ಯೂಟ್‌ಗಳನ್ನು ಮೊದಲು ತೆಗೆಯಿರಿ ಎಂದು ನಮ್ಮವರು ಲೈನಿನಲ್ಲಿ ಎರಡು ಸಲ ಹೇಳಿದರು. ‘ನೋಡ್ ಹೋದರೆ ಅದರ ಜೊತೆ ಎಲ್ಲ ಹೋಗುತ್ತೆ’ ಎಂಬ ಉತ್ತರ ಬಂತು.

ಎಲ್ಲ ಹೋಗುವುದಿಲ್ಲ. ನಿಮ್ಮ ಮೆನುವಿನಲ್ಲೇ ಎರಡು ಆಯ್ಕೆಗಳಿವೆ. ‘ಡೀಆಕ್ಟಿವೇಟ್ ಅಂಡ್ ಡಿಲೀಟ್’ ಒತ್ತಿದರೆ ಸರ್ಕ್ಯೂಟ್ ಹಾದುಹೋಗುವ ಪ್ರತಿ ನೋಡ್‌ನಲ್ಲೂ ಕ್ರಾಸ್ ಕನೆಕ್ಟ್ (ಆ ಲೈನಿಗಾಗಿ ನೋಡ್‌ನ ಒಳಗೆ ಮಾಡಿದ ಜೋಡಣೆ) ಅಳಿಯುತ್ತದೆ, ಆಮೇಲೆ ಎನ್‌ಎಂಎಸ್‌ನ ದಾಖಲೆ ಅಳಿಯುತ್ತದೆ. ‘ಡಿಲೀಟ್ ಫ್ರಮ್ ನೆಟ್‌ವರ್ಕ್ ಲೇಯರ್’ ಒತ್ತಿದರೆ ದಾಖಲೆ ಮಾತ್ರ ಹೋಗುತ್ತದೆ, ನೋಡ್‌ಗಳಲ್ಲಿ ಕ್ರಾಸ್ ಕನೆಕ್ಟ್ ಹಾಗೇ ಕೂತಿರುತ್ತದೆ. ಫೋರ್ಸ್ ಡಿಲೀಟ್ ಮಾಡುವುದು ಎರಡನೆಯದನ್ನೇ, ಅದೂ ಎಚ್ಚರಿಕೆಯ ಕಿಟಕಿಯನ್ನು ದಾಟಿ. ಧಾರವಾಡ ಮತ್ತು ಬೆಳಗಾವಿಯ ನೋಡ್‌ಗಳಲ್ಲಿ ಕಿತ್ತೂರಿಗೆ ಹೊರಟ ವಿಸಿ-12ಗಳು (ಒಂದೊಂದು ಲೈನನ್ನು ಹೊರುವ ಡಬ್ಬಿಗಳು) ಹೀಗೆ ಅನಾಥವಾಗಿ ಉಳಿದವು. ಎನ್‌ಎಂಎಸ್ ಪ್ರಕಾರ ಆ ಟೈಮ್‌ಸ್ಲಾಟ್‌ಗಳು (ಫೈಬರಿನಲ್ಲಿ ಅವುಗಳ ಜಾಗ) ಖಾಲಿ, ನೋಡ್ ಪ್ರಕಾರ ಭರ್ತಿ. ಹೊಸ ಇ1 (2 ಎಂಬಿಪಿಎಸ್ ಲೈನ್) ಕಟ್ಟಲು ಹೋದಾಗಲೆಲ್ಲ ‘ಸ್ಲಾಟ್ ಬಳಕೆಯಲ್ಲಿದೆ’ ಎಂಬ ದೋಷ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಾಯಿತು. ಅದನ್ನು ನಿಮ್ಮ ವಿಭಾಗದಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ರಕ್ಷಣೆಯಿಲ್ಲದ ಇ1ಗಳಿಗೆ ರಿಂಗ್‌ನ ಪ್ರತಿ ಸ್ಪ್ಯಾನ್‌ನಲ್ಲೂ ಅದೇ ಟೈಮ್‌ಸ್ಲಾಟ್ ಅನ್ನು ಮತ್ತೆ ಬಳಸುತ್ತಾರೆ. ಧಾರವಾಡದಿಂದ ಕಿತ್ತೂರಿಗೆ ಒಂದು ಬ್ಯಾಂಕ್ ಶಾಖೆಯ ಇ1 ಯಾವ ಸ್ಲಾಟ್‌ನಲ್ಲಿತ್ತೋ, ಕಿತ್ತೂರಿನಿಂದ ಬೆಳಗಾವಿಗೆ ಒಂದು ಸಕ್ಕರೆ ಕಾರ್ಖಾನೆಯ ಇ1 ಅದೇ ಸ್ಲಾಟ್‌ನಲ್ಲಿತ್ತು. ನಡುವೆ ಕಿತ್ತೂರು ಇರುವ ತನಕ ಒಂದಕ್ಕೊಂದು ಸಂಬಂಧವಿಲ್ಲ, ಏಕೆಂದರೆ ಎರಡೂ ಅಲ್ಲಿ ಇಳಿಯುತ್ತಿದ್ದವು. ಫೈಬರ್ ನೇರ ಪ್ಯಾಚ್ ಆದ ಕ್ಷಣ ಎರಡು ಅನಾಥ ತುದಿಗಳು ಒಂದಕ್ಕೊಂದು ಕೂಡಿಕೊಂಡವು. ಇಬ್ಬರೂ ಗ್ರಾಹಕರು ಆಗಲೇ ಹೊಸ ಪ್ಯಾಕೆಟ್ ಜಾಲಕ್ಕೆ ಹೋಗಿದ್ದರು, ಆದರೆ ಹಳೆಯ ಕೇಬಲ್ ರೂಟರಿನಲ್ಲೇ ಇತ್ತು. ಸತ್ತಿರಬೇಕಾದ ಪೋರ್ಟ್ ಎರಡೂ ಕಡೆ ಎದ್ದಿತು. ಒಬ್ಬ ಗ್ರಾಹಕರ ರೂಟರ್ ಇನ್ನೊಬ್ಬ ಗ್ರಾಹಕರ ರೂಟರನ್ನು ನೋಡುತ್ತಿತ್ತು. ಸಿಗ್ನಲ್ ಸರಿಯಾಗಿ ಬರುತ್ತಿದ್ದ ಕಾರಣ ಸಿಗ್ನಲ್ ಹೋದ ಅಲಾರಂ ಏಳಲೇ ಇಲ್ಲ, ಪರದೆಯ ಮೇಲೆ ಎಲ್ಲ ಹಸಿರು. ಇಂಥ ತಪ್ಪು ಜೋಡಣೆಯನ್ನು ಹಿಡಿಯಲೆಂದೇ ವಿಸಿ-12ರ ಜೊತೆಗೇ ಸಾಗುವ ಜೆ2 ಬೈಟ್‌ನಲ್ಲಿ ಪ್ರತಿ ಸರ್ಕ್ಯೂಟ್‌ಗೂ ಗುರುತು ಹಾಕಿಟ್ಟಿದ್ದೆವು. ಗುರುತು ಹೊಂದದೆ ಟ್ರೇಸ್ ಮಿಸ್‌ಮ್ಯಾಚ್ ಅಲಾರಂ ಎದ್ದೂ ಇತ್ತು. ‘ಕೆಲಸದ ಸಮಯದಲ್ಲಿ ಬರುವ ಅಲಾರಂ’ ಎಂದು ನಿಮ್ಮ ಎಂಜಿನಿಯರ್ ಆ ವರ್ಗವನ್ನೇ ಮಾಸ್ಕ್ ಮಾಡಿದ್ದರು (ಪರದೆಗೆ ಬಾರದಂತೆ ಮರೆಮಾಡಿದ್ದರು), ಕೆಲಸ ಮುಗಿದ ಮೇಲೆ ತೆರೆಯಲಿಲ್ಲ. ನಮಗೆ ತಿಳಿದದ್ದು ಕಾರ್ಖಾನೆಯ ಕಚೇರಿಯವರು ಫೋನ್ ಮಾಡಿ, ಹಳೆಯ ಪೋರ್ಟಿನಲ್ಲಿ ತಮ್ಮದಲ್ಲದ ವಿಳಾಸ ಕಾಣಿಸುತ್ತಿದೆ ಎಂದಾಗ. ಒಂದು ಬ್ಯಾಂಕಿನ ಲೈನ್ ಹೀಗೆ ತೆರೆದುಕೊಳ್ಳುವುದು ಎಂದರೇನು ಎಂದು ನಿಮಗೆ ವಿವರಿಸಬೇಕಾಗಿ ಬಂದದ್ದೇ ನಮಗೆ ಬೇಸರ.

ಗೇಟ್‌ವೇ ವಿಷಯ. ಹುಬ್ಬಳ್ಳಿಯ ನಮ್ಮ ಸರ್ವರ್ ರಿಂಗ್‌ಗೆ ಹೋಗುತ್ತಿದ್ದದ್ದು ಕಿತ್ತೂರಿನ ಈಥರ್ನೆಟ್ ಪೋರ್ಟ್ ಮೂಲಕ. ಉಳಿದ ನೋಡ್‌ಗಳು ಡಿಸಿಸಿ (ನಿರ್ವಹಣೆಯ ಮಾಹಿತಿಗೆ ಮೀಸಲಾದ) ಬೈಟ್‌ಗಳ ಮೇಲೆ, ಅಂದರೆ ಡಿ1ರಿಂದ ಡಿ3ರ ತನಕದ 192 ಕೆಬಿಪಿಎಸ್ ದಾರಿಯಲ್ಲಿ, ಕಿತ್ತೂರನ್ನು ಹಿಡಿದೇ ಮಾತಾಡುತ್ತಿದ್ದವು. ಧಾರವಾಡವನ್ನು ಬದಲಿ ಗೇಟ್‌ವೇ ಮಾಡಿ, ಒಂದೊಂದೇ ನೋಡ್ ಅನ್ನು ಅದಕ್ಕೆ ಒಪ್ಪಿಸಿ, ಲಾಗಿನ್ ಆಗುತ್ತದೆಯೇ ಎಂದು ನೋಡಿಕೊಂಡು ಆಮೇಲೆ ಕಿತ್ತೂರನ್ನು ತೆಗೆಯಬೇಕಿತ್ತು. ಹಾಗೆ ಮಾಡಲಿಲ್ಲವಾದ್ದರಿಂದ 12 ನೋಡ್‌ಗಳೂ ಸಂಪರ್ಕ ತಪ್ಪಿ ಪರದೆಯಲ್ಲಿ ಒಟ್ಟಿಗೆ ಬೂದು ಬಣ್ಣಕ್ಕೆ ತಿರುಗಿದವು. ಟ್ರಾಫಿಕ್ ನಿಲ್ಲಲಿಲ್ಲ, ನಿಜ. ಆದರೆ ಬೆಳಗಿನ ತನಕ ನಾವು ಕುರುಡರು. ಆ ಹೊತ್ತಿನಲ್ಲಿ ಹೆದ್ದಾರಿ ಬದಿಯಲ್ಲಿ ಜೆಸಿಬಿ ಫೈಬರ್ ಕಡಿದಿದ್ದರೆ ರಿಂಗ್ ಬದಲಿ ದಾರಿಗೆ ತಿರುಗುತ್ತಿತ್ತು, ತಿರುಗಿದ್ದು ನಮಗೆ ಗೊತ್ತಾಗುತ್ತಿರಲಿಲ್ಲ, ಎರಡನೆಯ ಕಡಿತಕ್ಕೆ ಎಲ್ಲ ಬೀಳುತ್ತಿತ್ತು.

ಇನ್ನು 16ರ ಲೆಕ್ಕ. ಫೋರ್ಸ್ ಡಿಲೀಟ್ ನಕ್ಷೆಯ ಚಿಹ್ನೆಯನ್ನು ತೆಗೆದರೂ ಲೈಸೆನ್ಸ್ ಕೋಷ್ಟಕದಲ್ಲಿ ಮೂರು ನೋಡ್‌ಗಳ ಸಾಲುಗಳನ್ನೂ ಬಿಡಲಿಲ್ಲ. ಹಾಗಾಗಿ 15 ಹಾಗೇ ಉಳಿಯಿತು. ತಂತಾನೇ ನೋಡ್ ಹುಡುಕುವ ಕೆಲಸ ಬೆಳಗಿನ 4 ಗಂಟೆಗೆ ಓಡುತ್ತದೆ, ಅದನ್ನು ನಿಲ್ಲಿಸಿರಲಿಲ್ಲ, ಕಿತ್ತೂರಿನ ಐಪಿ ವಿಳಾಸವನ್ನು ಹುಡುಕುವ ಪಟ್ಟಿಯಿಂದ ತೆಗೆದಿರಲಿಲ್ಲ. ಪೆಟ್ಟಿಗೆ ಇನ್ನೂ ಪವರ್‌ನಲ್ಲಿತ್ತು. ಎನ್‌ಎಂಎಸ್ ಅದನ್ನು ಹೊಸ ನೋಡ್ ಎಂದು ಬರಮಾಡಿಕೊಂಡು ಇನ್ನೊಂದು ಲೈಸೆನ್ಸ್ ಕೊಟ್ಟಿತು. ಮರುದಿನ ಸಂಜೆ ನಾವು −48 ವೋಲ್ಟ್‌ನ ಎ ಮತ್ತು ಬಿ ಎರಡೂ ಎಂಸಿಬಿ ಇಳಿಸಿ, ಮಲ್ಟಿಮೀಟರಿನಲ್ಲಿ ನೋಡಿ, ಕಾರ್ಡ್‌ಗಳನ್ನು ಸ್ಥಿರವಿದ್ಯುತ್ ತಡೆಯುವ (ಇಎಸ್‌ಡಿ) ಚೀಲಕ್ಕೆ ಹಾಕಿ ಹೊರಟೆವು. ಹೆಸರಿಲ್ಲದ ಆ ಹೊಸ ನೋಡ್ ಅಂದಿನಿಂದ ‘ಸಂಪರ್ಕವಿಲ್ಲ’ ಎಂಬ ಕ್ರಿಟಿಕಲ್ ಅಲಾರಂ ಹೊತ್ತು ನಕ್ಷೆಯ ಮೂಲೆಯಲ್ಲಿ ಕೂತಿದೆ.

ಹಳೆಯ ನೋಡ್ ಜೊತೆಗೆ ಅದರ 15 ನಿಮಿಷದ ಮತ್ತು 24 ಗಂಟೆಯ ಪರ್ಫಾರ್ಮೆನ್ಸ್ ದಾಖಲೆಗಳೂ ಅಳಿದವು. ಡಿಲೀಟ್‌ಗೆ ಮುಂಚೆ ಅವನ್ನು ಹೊರಗೆ ತೆಗೆದಿಡಬೇಕು ಎಂಬುದು ನಿಮ್ಮ ಕೈಪಿಡಿಯ ಮೊದಲ ಪುಟದಲ್ಲಿದೆ. ಗ್ರಾಹಕರೊಂದಿಗಿನ ಎಸ್‌ಎಲ್‌ಎ (ಸೇವಾ ಮಟ್ಟದ ಒಪ್ಪಂದ) ಲೆಕ್ಕಕ್ಕೆ ನಮಗಿದ್ದ ಪುರಾವೆ ಅದೊಂದೇ.

ಇಷ್ಟನ್ನೂ ನಾವು ಟಿಕೆಟ್‌ನಲ್ಲಿ ಶಾಂತವಾಗಿ ಬರೆದಿದ್ದೆವು. ಆದರೆ ಕಳೆದ ಗುರುವಾರದ ಫೋನ್ ಕರೆಯ ಬಗ್ಗೆ ಶಾಂತವಾಗಿ ಬರೆಯಲು ಆಗುತ್ತಿಲ್ಲ. 43 ನಿಮಿಷದ ಆ ಕರೆಯಲ್ಲಿ ಬ್ಯಾಂಕಿನ ಐಟಿ ವಿಭಾಗದವರೂ ಲೈನಿನಲ್ಲಿದ್ದರು. ನಮ್ಮ ಕಡೆಯಿಂದ ಮಾತಾಡಿದವರು ಶಿಫ್ಟ್ ಎಂಜಿನಿಯರ್, 11 ವರ್ಷದಿಂದ ಇದೇ ರಿಂಗ್ ನೋಡಿಕೊಳ್ಳುತ್ತಿರುವವರು. ಕರೆ ಹೀಗೆ ನಡೆಯಿತು.

‘ಮೇಡಂ, ಲೈಸೆನ್ಸ್ ಬಿಡುಗಡೆಗೆ ಆ ನೋಡ್‌ನ ಡಯಾಗ್ನೋಸ್ಟಿಕ್ ಲಾಗ್ ಬೇಕು.’

‘ಸರ್, ಆ ನೋಡ್ ಕಳಚಿಯಾಗಿದೆ. ಪವರ್ ಇಲ್ಲ.’

‘ಸರಿ, ಪವರ್ ಆನ್ ಮಾಡಿ ಲಾಗ್ ತೆಗೆದು ಕಳಿಸಿ.’

‘ಸರ್, ಶೆಲ್ಫ್ ರ‍್ಯಾಕಿನಲ್ಲೇ ಇಲ್ಲ. ಅದು ಮರುಬಳಕೆದಾರರಿಗೆ ಹೋಗಿದೆ.’

‘ಕಂಟ್ರೋಲರ್ ಕಾರ್ಡಿನ ಎಲ್‌ಇಡಿ ಯಾವ ಬಣ್ಣ ಇದೆ, ಮೇಡಂ? ಹಸಿರೋ ಕೆಂಪೋ?’

‘ಸರ್, ಕಾರ್ಡೇ ಇಲ್ಲ.’

ಇಲ್ಲಿ ನಮ್ಮನ್ನು ಹೋಲ್ಡ್‌ನಲ್ಲಿ ಇಟ್ಟರು, ಒಂಬತ್ತು ನಿಮಿಷ. ಮರಳಿ ಬಂದು ಕೇಳಿದ್ದು: ‘ಪಿಂಗ್ ಆಗುತ್ತಿಲ್ಲ ಎಂದರೆ ಪಿಂಗ್ ಸ್ಕ್ರೀನ್‌ಶಾಟ್ ಕಳಿಸಿ. ಮೊದಲು ಕೇಬಲ್ ಸರಿಯಾಗಿ ಕೂತಿದೆಯಾ ನೋಡಿ.’ ನಮ್ಮವರು ಮೂರನೆಯ ಸಲ ಹೇಳಿದರು, ಉಪಕರಣ ಇಲ್ಲ, ತೆಗೆದದ್ದು ನಿಮ್ಮದೇ ಟಿಕೆಟ್ ಮೇಲೆ, ತೆಗೆದ ರಾತ್ರಿ ಲೈನಿನಲ್ಲಿದ್ದವರು ನಿಮ್ಮವರೇ. ಆಗ ಬಂದ ಮಾತು ಇದು: ‘ಮೇಡಂ, ನಿಮ್ಮಲ್ಲಿ ಟೆಕ್ನಿಕಲ್ ಗೊತ್ತಿರೋರು ಯಾರಾದರೂ ಇದ್ದರೆ ಅವರಿಗೆ ಫೋನ್ ಕೊಡಿ. ಕೈಪಿಡಿ ಓದಿಕೊಂಡು ಫೋನ್ ಮಾಡಿದರೆ ಇಬ್ಬರಿಗೂ ಸಮಯ ಉಳಿಯುತ್ತೆ.’

ಆ ಕೈಪಿಡಿ ನಮ್ಮ ಎಂಜಿನಿಯರ್ ಎದುರಿಗೇ ತೆರೆದಿತ್ತು. ನೋಡ್ ಸಂಪರ್ಕದಲ್ಲಿ ಇಲ್ಲದಾಗ ಎನ್‌ಎಂಎಸ್ ಸರ್ವರ್ ಕಡೆಯಿಂದಲೇ ಲೈಸೆನ್ಸ್ ಬಿಡಿಸುವ ವಿಧಾನ ಅದರಲ್ಲಿದೆ. ಅವರು ಅಧ್ಯಾಯದ ಹೆಸರು ಹೇಳಿ ಓದಿ ತೋರಿಸಿದರು. ‘ಅದು ಹಳೆ ಆವೃತ್ತಿದು’ ಎಂದು ನಿಮ್ಮವರು ಕರೆ ಮುಗಿಸಿದರು. ಅದು ಹಳೆಯದಲ್ಲ, ನಮ್ಮ ಸರ್ವರಿನಲ್ಲಿ ನೀವೇ ಹಾಕಿಕೊಟ್ಟ ಆವೃತ್ತಿಯದು. ಸಂಜೆ ಮೂರನೆಯ ಟಿಕೆಟ್ ಮುಚ್ಚಿತು. ಕಾರಣ: ‘ಗ್ರಾಹಕರು ಲಾಗ್ ಒದಗಿಸಲಿಲ್ಲ.’ ಬ್ಯಾಂಕಿನವರ ಎದುರು ಹನ್ನೊಂದು ವರ್ಷದ ಅನುಭವದ ಎಂಜಿನಿಯರ್‌ಗೆ ಹೀಗೆ ಮಾತಾಡಿದ್ದಕ್ಕೆ ನಿಮ್ಮಿಂದ ಒಂದು ಕ್ಷಮೆಯ ಸಾಲೂ ಬಂದಿಲ್ಲ.

ಉಪಕರಣವನ್ನು ಮರಳಿ ತರಿಸಿ ಲಾಗ್ ತೆಗೆಯಿರಿ ಎಂದು ಮೇಲ್‌ನಲ್ಲೂ ಬರೆದಿದ್ದೀರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳಂತೆ ಅದನ್ನು ನೋಂದಾಯಿತ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆದಿದ್ದೇವೆ. ಕೊಡುವ ಮೊದಲು ಕಂಟ್ರೋಲರ್ ಕಾರ್ಡಿನ ಮೆಮೊರಿ ಅಳಿಸಿದ್ದೇವೆ, ಏಕೆಂದರೆ ಅದರಲ್ಲಿ ಪಾಸ್‌ವರ್ಡ್‌ಗಳೂ ಎಸ್‌ಎನ್‌ಎಂಪಿ ಕಮ್ಯುನಿಟಿ ಹೆಸರುಗಳೂ (ದೂರದಿಂದ ಉಪಕರಣ ನೋಡಲು ಬಳಸುವ ಗುಪ್ತಪದಗಳು) ಇದ್ದವು. ಈಗ ಪೆಟ್ಟಿಗೆ ಸಿಕ್ಕರೂ ಲಾಗ್ ಸಿಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ನಾಲ್ಕು ಲೈಸೆನ್ಸ್‌ಗಳನ್ನು ಸರ್ವರ್ ಕಡೆಯಿಂದ ಬಿಡಿಸಿ, 12ಕ್ಕೆ ಬಿಲ್ಲು ತಿದ್ದಿ ಕಳಿಸಿ. ಹೆಸರಿಲ್ಲದ ನೋಡ್ ತೆಗೆಯುವ ಮೊದಲು ಹುಡುಕುವ ಪಟ್ಟಿಯಿಂದ ಅದರ ಐಪಿ ತೆಗೆಯಿರಿ. ಪ್ರತಿ ನೋಡ್‌ನ ಕ್ರಾಸ್ ಕನೆಕ್ಟ್‌ಗಳನ್ನು ಎನ್‌ಎಂಎಸ್‌ಗೆ ಎಳೆದು ತಾಳೆ ನೋಡಿ, ಅನಾಥವಾದವುಗಳ ಪಟ್ಟಿಯನ್ನು ನಮಗೆ ಕೊಡಿ. ಬ್ಯಾಂಕ್ ಮತ್ತು ಕಾರ್ಖಾನೆಯ ಸ್ಲಾಟನ್ನು ಆ ದಿನವೇ ನಾವು ಕೈಯಿಂದ ಬಿಡಿಸಿದ್ದೇವೆ, ಉಳಿದವನ್ನು ನಮ್ಮ ಒಪ್ಪಿಗೆ ಬಂದ ಮೇಲೆಯೇ ಅಳಿಸಿ. ಯಾವ ಅಲಾರಂ ಯಾವಾಗ ಮಾಸ್ಕ್ ಆಯಿತು ಎಂಬ ದಾಖಲೆ ಕೊಡಿ. ಅಳಿದ ಪರ್ಫಾರ್ಮೆನ್ಸ್ ದಾಖಲೆಗಳನ್ನು ಆ ರಾತ್ರಿಗೆ ಮೊದಲಿನ ಬ್ಯಾಕಪ್‌ನಿಂದ ಎತ್ತಿಕೊಡಿ. ಬ್ಯಾಕಪ್ ತೆಗೆದೇ ಇರಲಿಲ್ಲವಾದರೆ ಅದನ್ನು ಲಿಖಿತವಾಗಿ ಒಪ್ಪಿಕೊಳ್ಳಿ. ನಮ್ಮ ಶಿಫ್ಟ್ ಎಂಜಿನಿಯರ್‌ಗೆ ಕ್ಷಮೆ ಕೇಳಿ, ಪ್ರತಿಯನ್ನು ಬ್ಯಾಂಕಿಗೂ ಕಳಿಸಿ.

ಇದಕ್ಕೆ ಏಳು ದಿನ ಕೊಡುತ್ತೇವೆ. ಎಂಟನೆಯ ದಿನ ನವೀಕರಣದ ಹಣ ತಡೆಯುತ್ತೇವೆ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಅಡಿಯಲ್ಲಿ ನಷ್ಟ ಪರಿಹಾರ ಕೇಳಿ ನಮ್ಮ ವಕೀಲರ ನೋಟಿಸ್ ಹೊರಡುತ್ತದೆ. ಅದಕ್ಕೆ ಲಗತ್ತಾಗಿ ಮೂರೂ ಟಿಕೆಟ್‌ಗಳು, ಆ ರಾತ್ರಿಯ ಆಜ್ಞೆಗಳ ಲಾಗ್ ಮತ್ತು 43 ನಿಮಿಷದ ಧ್ವನಿಮುದ್ರಣ ಇರುತ್ತವೆ. ಬ್ಯಾಂಕಿನವರು ತಮ್ಮ ನಿಯಂತ್ರಕರಿಗೆ ವರದಿ ಕೊಡಬೇಕೆಂದು ಕೇಳಿದರೆ ಇದೇ ಕಡತವನ್ನು ಪೂರ್ತಿ ಅವರ ಕೈಗಿಡುತ್ತೇವೆ. ಉಳಿದ 12 ನೋಡ್‌ಗಳನ್ನು ನಿಮ್ಮ ಎನ್‌ಎಂಎಸ್‌ನಿಂದ ತೆಗೆದು ಬೇರೆಯದಕ್ಕೆ ಒಯ್ಯುವ ಯೋಜನೆ ಬರೆಯಲು ಇಂದೇ ಶುರು ಮಾಡಿದ್ದೇವೆ. ಆ ಕೆಲಸಕ್ಕೆ ನಿಮ್ಮವರು ಲಾಗಿನ್ ಆಗುವುದು ಬೇಡ.

ಇಂತಿ,
ನೆಟ್‌ವರ್ಕ್ ಕಾರ್ಯಾಚರಣೆ ಕೇಂದ್ರ,
ಹುಬ್ಬಳ್ಳಿ